ನಾನು ತುಂಬಿದ ಪಟ್ಟಿ

ಹೈದರಾಬಾದಿನ ಹಿಮಾಯತ್‌ನಗರದ ಒಂದು ಆರೋಗ್ಯ ವಿಮಾ ಕಂಪನಿಯಲ್ಲಿ ಹಲವು ವರ್ಷ ನನ್ನ ಕೆಲಸ ಒಂದು ಪಟ್ಟಿ ತುಂಬುವುದಾಗಿತ್ತು. ಎಷ್ಟು ಜನ ಆಸ್ಪತ್ರೆಯ ಖರ್ಚು ಕೇಳಿದರು, ಎಷ್ಟು ಜನರಿಗೆ ಕೊಟ್ಟೆವು, ಎಷ್ಟು ಜನರಿಗೆ ಇಲ್ಲ ಎಂದೆವು. ಎಲ್ಲ ಕಂಪನಿಗಳೂ ಇದನ್ನು ಸರ್ಕಾರದ ವಿಮಾ ನಿಯಂತ್ರಕರಿಗೆ ಒಪ್ಪಿಸಬೇಕು, ಅವರು ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಜನ ಕಂಪನಿಗಳನ್ನು ಹೋಲಿಸಿ ನೋಡಿ, ಮೋಸಹೋಗದೆ ಆರಿಸಿಕೊಳ್ಳಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡುವುದು? ಆ ಬೇಲಿಯಲ್ಲಿ ನಾನೂ ಒಂದು ಮುಳ್ಳು.

ಮೇಯುವುದು ಸುಲಭವಿತ್ತು. ‘ಇಲ್ಲ’ ಎಂದರೆ ಆ ಖಾನೆಯಲ್ಲಿ ಒಂದು ಹೆಚ್ಚುತ್ತದೆ. ಆದ್ದರಿಂದ ನಾವು ಇಲ್ಲ ಎನ್ನುತ್ತಿರಲಿಲ್ಲ, ಕಾಗದ ಕೇಳುತ್ತಿದ್ದೆವು. ಕಾಯಿಲೆ ವಿಮೆಗಿಂತ ಮೊದಲೇ ಇತ್ತೋ ಎಂದು ನೋಡಬೇಕು, ನಿಮಗೆ ಬಿ.ಪಿ. ಇದೆಯೆಂದು ಮೊಟ್ಟಮೊದಲು ಹೇಳಿದ ಡಾಕ್ಟರರ ಚೀಟಿ ಕಳಿಸಿ. ಹದಿನೈದು ದಿನಕ್ಕೊಂದರಂತೆ ಮೂರು ಪತ್ರ. ಚೀಟಿ ಬರದಿದ್ದರೆ ಕಡತ ಮುಚ್ಚುವುದು. ಮುಚ್ಚಿದ್ದು ತಿರಸ್ಕರಿಸಿದ್ದಲ್ಲವಾದ್ದರಿಂದ ‘ಇಲ್ಲ’ದ ಖಾನೆಗೆ ಬರುತ್ತಿರಲಿಲ್ಲ. ಆ ಪತ್ರದ ಒಕ್ಕಣೆ ನನ್ನದೇ. ಎಷ್ಟು ವಿನಯವಾಗಿ ಬರೆದಿದ್ದೆನೆಂದರೆ ಮ್ಯಾನೇಜರು ಎಲ್ಲರೆದುರು ಹೊಗಳಿದ್ದರು, ನಾನು ಉಬ್ಬಿಹೋಗಿದ್ದೆ.

ಅಕ್ಕನ ಗಂಡ ಬೇಗಂ ಬಜಾರಿನಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿಯ ಸಗಟು ವ್ಯಾಪಾರಿ. ಮೂಟೆಗೆ ಮೊಣಕೈವರೆಗೆ ಕೈ ಹಾಕಿ ತಳದ ಮಾಲು ತೆಗೆದು ನೋಡದೆ ಏನನ್ನೂ ಕೊಳ್ಳದ ಮನುಷ್ಯ. ವಿಮೆ ಮಾಡಿಸಬೇಕೆಂದಾಗಲೂ ಪರಿಚಯದ ಏಜೆಂಟನ ಮಾತಿಗೆ ಕಿವಿಗೊಡಲಿಲ್ಲ. ಮಗಳಿಂದ ಆ ಪಟ್ಟಿಯನ್ನು ಪ್ರಿಂಟ್ ತೆಗೆಸಿ, ಕನ್ನಡಕ ಏರಿಸಿ, ಕಂಪನಿಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋಗಿ ಕೊನೆಗೆ ನಮ್ಮದರ ಮೇಲೆ ಬೆರಳಿಟ್ಟರು.

“ಇಲ್ಲ ಅನ್ನೋದು ಎಲ್ಲಾರಕಿಂತ ಕಡಿಮಿ ನಿಮ್ಮ ಕಂಪನಿದಾಗ ಐತಿ ನೋಡು. ಇಷ್ಟು ದಿನ ಒಂದ ಮಾತು ಹೇಳಲಿಲ್ಲಲ್ಲ ನೀ?”

ಈ ಮೂಟೆಯ ತಳದಲ್ಲಿ ಏನಿದೆಯೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಗುತ್ತ ಚಹಾ ಕುಡಿದೆ. ಹೇಳಿದರೆ ನನ್ನ ಕೆಲಸದ ಬಣ್ಣ ಬಯಲಾಗುತ್ತಿತ್ತು. ಜೊತೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅವರ ಮೆಚ್ಚುಗೆ ನನಗೆ ಹಿತವಾಗಿತ್ತು.

ನಮ್ಮಲ್ಲೇ ವಿಮೆ ಮಾಡಿಸಿದ ನಾಲ್ಕು ವರ್ಷದ ನಂತರ ಮೆಟ್ಟಿಲು ಹತ್ತಿದರೆ ಭಾವನವರಿಗೆ ಎದೆ ಹಿಡಿಯತೊಡಗಿತು. ಬೈಪಾಸ್ ಬೇಗ ಆಗಬೇಕೆಂದು ಡಾಕ್ಟರರು ಹೇಳಿದರು. ಆಸ್ಪತ್ರೆಯವರು ಒಪ್ಪಿಗೆ ಕೇಳಿ ಕಂಪನಿಗೆ ಬರೆದರು. ವಾರದೊಳಗೆ ಅಕ್ಕ ಒಂದು ಪತ್ರ ಹಿಡಿದು ನನ್ನ ಮನೆಗೆ ಬಂದಳು. “ಇಂಗ್ಲಿಷ್‌ದಾಗ ಐತಿ, ನೀನ ಓದಿ ಹೇಳು.” ಓದುವ ಅಗತ್ಯವಿರಲಿಲ್ಲ. ಪ್ರತಿ ಸಾಲೂ ನನಗೆ ಬಾಯಿಪಾಠವಾಗಿತ್ತು.

ಭಾವನವರ ಬಿ.ಪಿ. ಮೊದಲು ನೋಡಿದವರು ಬೀದರ ಕಡೆಯ ಒಬ್ಬ ಮುದುಕ ಡಾಕ್ಟರು. ಹೈದರಾಬಾದಿಗೆ ಬಂದಾಗ ಅಂಗಡಿಯಲ್ಲೇ ಕೂತು ನೋಡಿ, ಅಂಗಡಿಯ ಬಿಲ್ಲಿನ ಹಿಂದೆ ಮಾತ್ರೆಯ ಹೆಸರು ಬರೆದುಕೊಟ್ಟಿದ್ದರಂತೆ. ಅವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಆ ಬಿಲ್ಲನ್ನು ಅಕ್ಕ ಮನೆ ಬದಲಿಸುವಾಗ ರದ್ದಿಗೆ ಹಾಕಿದ್ದಳು.

ಮ್ಯಾನೇಜರ ಬಳಿ ಹೋಗಿ, ಇವರು ನನ್ನ ಭಾವ ಎಂದೆ. “ರೂಲ್ ಅಂದರಿಕೀ ಒಕಟೇ ಕದಮ್ಮಾ” ಎಂದರು ಅವರು. ಎಲ್ಲರಿಗೂ ಒಂದೇ ರೂಲು, ನಿಜ. ಆ ರೂಲಿನ ಪತ್ರ ಬರೆದವಳು ಯಾವ ಬಾಯಲ್ಲಿ ವಾದ ಮಾಡಬೇಕು? ನನ್ನ ಕುರ್ಚಿಗೆ ವಾಪಸು ಬಂದು ಕೂತೆ.

ಬಂಗಾರ ಮಾರಿಯಾದರೂ ಆಪರೇಷನ್ ಮಾಡಿಸೋಣ ಎಂದಳು ಅಕ್ಕ. ಭಾವ ಒಪ್ಪಲಿಲ್ಲ. ಅವರ ಬಜಾರಿನಲ್ಲಿ ಎದುರಿನವನು ಹೂಂ ಎನ್ನುವ ತನಕ ಮಾಲು ಎತ್ತುವುದಿಲ್ಲ, ಹೂಂ ಎಂದಮೇಲೆ ಮಾತು ತಪ್ಪುವುದಿಲ್ಲ. ಅದೇ ಪದ್ಧತಿಯನ್ನು ತಮ್ಮ ಎದೆಗೂ ಹಚ್ಚಿದರು.

“ಅವ್ರು ಇಲ್ಲ ಅಂದಿಲ್ಲಲ್ಲ. ಕಾಗದ ಕೇಳಾಕತ್ತಾರ, ಅಷ್ಟ. ಹೂಂ ಅನ್ನಲಿ, ಆಮ್ಯಾಲೆ ಮಲಗತೀನಿ,” ಎಂದು ನನ್ನ ಕಡೆ ತಿರುಗಿದರು. “ನೀ ಏನಂತಿ?”

ಆ ಹೂಂ ಬರುವುದೇ ಇಲ್ಲ, ನಾಳೆಯೇ ಹೋಗಿ ಅಡ್ಮಿಟ್ ಆಗಿ ಎಂದು ಹೇಳಬೇಕಿತ್ತು. ಹೇಳಿದರೆ, ಯಾಕೆ ಬರುವುದಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. “ಇನ್ನೊಂದು ವಾರ ನೋಡೂಣು,” ಎಂದೆ.

ಎರಡನೆಯ ಪತ್ರ ಬಂತು. ಮೂರನೆಯದು ಬರುವ ಮೊದಲೇ, ಒಂದು ಮಧ್ಯಾಹ್ನ, ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಭಾವ ಹೋದರು. ಅವರ ಕಡತ ಮುಚ್ಚಿತು. ಆ ವರ್ಷದ ಪಟ್ಟಿಯನ್ನೂ ನಾನೇ ತುಂಬಿದೆ. ‘ಇಲ್ಲ’ದ ಖಾನೆಯಲ್ಲಿ ಅವರಿರಲಿಲ್ಲ. ಮರುತಿಂಗಳು ಕೆಲಸ ಬಿಟ್ಟೆ. ಅದನ್ನೊಂದು ದೊಡ್ಡಸ್ತಿಕೆಯೆಂದು ಹೇಳುತ್ತಿಲ್ಲ, ನನ್ನ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ.

ಅಕ್ಕ ಈಗ ಮನೆಗೆ ಬಂದ ಒಂದು ಚೂರು ಕಾಗದವನ್ನೂ ಎಸೆಯುವುದಿಲ್ಲ. ಕರೆಂಟು ಬಿಲ್ಲು, ಹಾಲಿನ ಚೀಟಿ, ಮಾತ್ರೆಯ ಖಾಲಿ ಡಬ್ಬಿ, ಕಂಡವರ ಮದುವೆಯ ಕರೆಯೋಲೆ, ಎಲ್ಲ ಟ್ರಂಕಿನೊಳಗೆ. ಇಷ್ಟು ಯಾಕೆ ಇಟ್ಟುಕೊಂಡಿದ್ದೀ ಎಂದು ಮೊನ್ನೆ ಕೇಳಿಬಿಟ್ಟೆ.

“ನಿಮ್ಮ ಕಂಪನಿದು ಏನೂ ತಪ್ಪಿಲ್ಲವ್ವಾ,” ಎಂದಳು ಅಕ್ಕ. “ಆ ಚೀಟಿ ರದ್ದಿಗೆ ಹಾಕಿ ನಾನ ಅವ್ರನ್ನ ಕೊಂದೆ.”

ಹಂಗ ಅನಬ್ಯಾಡ ಎಂದೆ. ಅಷ್ಟನ್ನೇ ಹೇಳಿದೆ.