ರತ್ನಮಾಲಾ ಅಕ್ಕೋರು ತಿದ್ದಿದ ಅರ್ಜಿ

ಇಚಲಕರಂಜಿಯ ಕನ್ನಡ ಶಾಲೆಗೆ ರತ್ನಮಾಲಾ ಅಕ್ಕೋರು ಬಂದು ಇಪ್ಪತ್ತೇಳು ವರ್ಷ. ಅವರಿಗೆ ಕುರುಂದವಾಡದಿಂದ ಬರುವ ಮೊದಲ ಬಸ್ಸು ತಪ್ಪಿದ್ದನ್ನು ಕಂಡವರಿಲ್ಲ. ಗೈಡು ನೋಡಿ ಬರೆದ ನಿಬಂಧ ಅವರ ಕಣ್ಣು ತಪ್ಪಿಸಿದ್ದನ್ನೂ ಕಂಡವರಿಲ್ಲ. ಜ್ವರ ಬಂದ ಮಕ್ಕಳಿಗೆ ಮನೆಗೇ ಗಂಜಿ ಒಯ್ಯುವರು. ಗಂಜಿ ಕುಡಿದಾದ ಮೇಲೆ ಪಾಟಿ-ಬಳಪವನ್ನೂ ಕೈಗೆ ಕೊಡುವರು.

ಐದನೇ ತರಗತಿಯ ಸ್ನೇಹಲ ನಿಬಂಧದಲ್ಲಿ ‘ನನ್ನ ತಂದೆ ರೈತ, ದೇಶದ ಬೆನ್ನೆಲುಬು’ ಎಂದು ಬರೆದಳು. ಆಕೆಯ ತಂದೆ ದುಂಡಪ್ಪ ಹದಿನೆಂಟು ವರ್ಷದಿಂದ ಕಾಕಾಸಾಹೇಬರ ಕಾರಖಾನೆಯಲ್ಲಿ ಮಗ್ಗ ನಡೆಸುವವನು. ಅವನಿಗಿದ್ದ ಹೊಲವೆಂದರೆ ಕಿಟಕಿಯ ಡಬ್ಬಿಯಲ್ಲಿನ ತುಳಸಿ.

“ಈ ರೈತ ಯಾರ ಮನಿಯಾಂವ?” ಎಂದರು ಅಕ್ಕೋರು. “ಹೋಗಿ ನಿಮ್ಮಪ್ಪನ್ನ ನೋಡಿ ಬರಿ.”

ಸ್ನೇಹಲ ಮೂರು ಸಂಜೆ ಕಾರಖಾನೆಯ ಬಾಗಿಲಲ್ಲಿ ನಿಂತು ನೋಡಿದಳು. “ಅಪ್ಪಾ, ಲಾಳಿ ತಾಸಿಗೆ ಎಷ್ಟ ಸಲ ಹೋಗಿ ಬರತೈತಿ? ಮತ್ತ ಮಗ್ಗದ ಮುಂದ ನಿನ್ನ ತುಟಿ ಸುಮ್ನ ಇರಂಗಿಲ್ಲ. ಅಷ್ಟ ಗದ್ದಲದಾಗ ಏನ ಅಂತಿ?”

ಮೊದಲನೆಯದು ದುಂಡಪ್ಪನಿಗೆ ಗೊತ್ತಿರಲಿಲ್ಲ. ಎರಡನೆಯದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಬೆವೆತ. ಶನಿವಾರ ಪಾಲಕರ ಸಭೆಯಲ್ಲಿ ನಿಬಂಧಗಳನ್ನು ಓದಿಸುತ್ತಾರೆ. ಅಧ್ಯಕ್ಷರ ಖುರ್ಚಿಯಲ್ಲಿ ಕಾಕಾಸಾಹೇಬರೇ ಕೂರುತ್ತಾರೆ.

ಮರುದಿನ ಮಗಳನ್ನು ಕರೆದುಕೊಂಡು ಶಾಲೆಗೆ ಬಂದ. “ಅಕ್ಕೋರ, ಇಕಿ ಸಾಲಿ ಬಿಟ್ಟ ದಾಖಲಾ ಕೊಟ್ಟಬಿಡ್ರಿ. ಬ್ಯಾರೆ ಸಾಲಿಗೆ ಹಾಕತೇನಿ.”

ಬಾಗಿಲಾಚೆ ಸ್ನೇಹಲ ಚೀಲವನ್ನು ಎದೆಗೊತ್ತಿಕೊಂಡು ನಿಂತಳು.

“ಕೊಡೂಣಂತ. ಅರ್ಜಿ ಬರಿ,” ಎಂದರು ಅಕ್ಕೋರು.

ದುಂಡಪ್ಪನೂ ಇವರ ಕೈಯಲ್ಲೇ ಕಲಿತವನು. ಎದುರು ಮಾತಾಡದೆ ಚಿಕ್ಕ ಬೆಂಚಿನಲ್ಲಿ ಮೊಣಕಾಲು ತುರುಕಿ ಕೂತು ‘ಮನೆತನದ ಅಡಚಣೆಯಿಂದ’ ಎಂದು ಬರೆದ.

ಕೆಂಪು ಗೆರೆ ಬಿತ್ತು. “ಏನ ಅಡಚಣಿ?”

“ಎಲ್ಲಾರೂ ಹಂಗ ಬರೀತಾರ್ರಿ.”

“ಅಪ್ಪ ಮಗಳು ಇಬ್ರೂ ಒಂದ ಗೈಡ ಓದೀರಿ ಹಂಗಾರ. ಮತ್ತ ಬರಿ.”

‘ಶಾಲೆ ದೂರ’ ಎಂದು ಬರೆದ. ಅಕ್ಕೋರು ಕಿಟಕಿಯತ್ತ ಬೆರಳು ತೋರಿಸಿದರು. ಅವನ ಮನೆಯ ತಗಡಿನ ಛಾವಣಿ ಅಲ್ಲೇ ಹೊಳೆಯುತ್ತಿತ್ತು.

ಅಷ್ಟರಲ್ಲಿ ಪಾಳಿಗೆ ಕರೆಯುವ ಕಾರಖಾನೆಯ ಭೋಂಗಾ ಕೂಗಿತು. ಅಕ್ಕೋರು ಚಹಾ ತರಿಸಿ ಮುಂದಿಟ್ಟರು. “ಕುಡಿ. ಖರೇದ್ದ ಬರದ ಹೋಗು.”

ದುಂಡಪ್ಪ ಬರೆದ: ‘ಮಗ್ಗದ ಗದ್ದಲದಲ್ಲಿ ನಾನು ಹದಿನೆಂಟು ವರ್ಷದಿಂದ ಮಾಲಕರಿಗೆ ಬೈಯುತ್ತಿದ್ದೇನೆ. ಅವರು ಎದುರಿಗೇ ನಿಂತು ತಲೆ ಆಡಿಸುತ್ತಾರೆ. ಮಗಳಿಗೆ ಗೊತ್ತಾದರೆ ಸಭೆಯಲ್ಲಿ ಓದುತ್ತಾಳೆ. ಅವಳು ಸುಳ್ಳು ಬರೆಯುವುದನ್ನು ನೀವು ಬಿಡಿಸಿದ್ದೀರಿ.’

ಅಕ್ಕೋರ ಭುಜ ನಗುವಿಗೆ ಕುಣಿಯಿತು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಹುಡುಗೂರು ಪದ್ಯ ಒದರೂವಾಗ ನಾನೂ ಹೆಡ್‌ಮಾಸ್ತರಿಗೆ ಬೈಕೊಂತೇನೋ, ದುಂಡಪ್ಪಾ. ಸಭಾದಾಗ ಇಕಿ ಲಾಳಿ ಲೆಕ್ಕ ಓದಲಿ. ಬೈಗಳ ನಮ್ಮಿಬ್ಬರೊಳಗ ಇರಲಿ.”

ಅರ್ಜಿಯ ಮೇಲೆ ಹತ್ತಕ್ಕೆ ಒಂಬತ್ತು ಹಾಕಿ ಕೈಗಿತ್ತರು.

“ಒಂದ ಮಾರ್ಕ ಯಾಕ ಹೋತ್ರಿ?”

“ಏನಂತ ಬೈತಿ, ಅದನ್ನ ಬರದಿಲ್ಲ.”

ಹೊರಗೆ ಸ್ನೇಹಲ ಮೆಲ್ಲಗೆ ಕೇಳಿದಳು, “ದಾಖಲಾ ಕೊಟ್ರೇನಪಾ?”

“ಇಲ್ಲ. ಒಂಬತ್ತ ಮಾರ್ಕ ಕೊಟ್ರು.” ಚೀಲವನ್ನು ಅವಳ ಹೆಗಲಿಗೇರಿಸಿ ತರಗತಿಯತ್ತ ತಿರುಗಿಸಿದ. “ಸಂಜಿಕ ಬಾ, ಲಾಳಿ ಎಣಸೂಣು. ನನ್ನ ತುಟಿ ಮಾತ್ರ ನೋಡಬ್ಯಾಡ.”