ಹಗರಿ ಮರಳಲ್ಲಿ ನಿಂತ ಮಗಳು

ಆಗ ರಾಯದುರ್ಗದ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುವ ಮಷಿನ್ ಓಡುತ್ತಿದ್ದವು. ನಾವೂ ಡಿ. ಹಿರೇಹಾಳ್ ಕಡೆಯ ಹಳ್ಳಿಯಿಂದ ಆ ಕೆಲಸಕ್ಕೆಂದೇ ಬಂದು, ಬೆಟ್ಟದ ಕೆಳಗೆ ಬಾಡಿಗೆ ಮನೆ ಹಿಡಿದಿದ್ದೆವು. ನಾನು ಹೊಲಿಯುವಾಗ ಮಗಳು ಪಕ್ಕದಲ್ಲೇ ಬಟ್ಟೆಯ ಗಂಟಿಗೆ ಒರಗಿ ಕೂತಿರುತ್ತಿದ್ದಳು. ಎಂಟು ವರ್ಷವಾಗಿದ್ದರೂ ಅವಳಿಗೆ ನಿಲ್ಲಲು ಬರುತ್ತಿರಲಿಲ್ಲ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಕಾಲು ಬಿಗಿದುಕೊಂಡಿವೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಮಾತು ತಡವರಿಸುತ್ತಿತ್ತು, ಬುದ್ಧಿ ಮಾತ್ರ ಬಲು ಚುರುಕು. ದಿನಾ ಸ್ವಲ್ಪ ಹೊತ್ತು ನಿಲ್ಲಿಸಲೆಂದು, ಅಂಗವಿಕಲ ಮಕ್ಕಳಿಗಾಗಿ ನಡೆದ ಕ್ಯಾಂಪಿನಲ್ಲಿ ಕಟ್ಟಿಗೆಯ ಚೌಕಟ್ಟೊಂದನ್ನು ಕೊಟ್ಟಿದ್ದರು. ಅದರ ಪಟ್ಟಿ ಬಿಗಿದ ಕೂಡಲೇ ಅವಳು ಅಳುತ್ತಿದ್ದಳು. ಕೊನೆಗೆ ಅದು ಮೂಲೆ ಸೇರಿತು.

ಒಂದು ಬೇಸಿಗೆಯಲ್ಲಿ ಆರ್ಡರು ಕಡಿಮೆಯಾದಾಗ ಅವಳನ್ನು ಕರೆದುಕೊಂಡು ಕಣೇಕಲ್ಲಿನ ಹತ್ತಿರದ ತವರಿಗೆ ಹೋದೆ. ಊರಾಚೆ ಹಗರಿ ಹೊಳೆ. ನೀರು ಒಂದು ಅಂಚಿಗೆ ಸಣ್ಣಗೆ ಹರಿಯುತ್ತಿತ್ತು, ಉಳಿದದ್ದೆಲ್ಲ ಮರಳು. ಸಂಜೆ ಬಟ್ಟೆ ಒಗೆಯಲು ಹೋಗುವಾಗ ಮಗಳನ್ನು ಬೆನ್ನ ಮೇಲೆ ಹೊತ್ತು ಒಯ್ದು, ಅಲ್ಲಿ ಆಡುತ್ತಿದ್ದ ಅಣ್ಣನ ಮಕ್ಕಳ ಹತ್ತಿರ ಕೂರಿಸುತ್ತಿದ್ದೆ.

ಅವರದೊಂದು ಆಟವಿತ್ತು. ಹಸಿ ಮರಳಲ್ಲಿ ಕುಳಿ ತೋಡಿ ಒಬ್ಬರು ನಿಲ್ಲುವುದು, ಉಳಿದವರು ಮೊಣಕಾಲು ಮುಳುಗುವಷ್ಟು ಮರಳು ತುಂಬಿ ತುಳಿಯುವುದು. ಹಾಗೆ ನಿಂತವರು ಗಿಡ. ಗಾಳಿ ಬಂತು ಎಂದು ಎಲ್ಲರೂ ಕೂಗಿದಾಗ ಗಿಡ ತೂಗಬೇಕು, ಬೀಳಬಾರದು. ಒಂದು ಸಂಜೆ ಬಟ್ಟೆ ಹಿಂಡಿ ತಲೆಯೆತ್ತಿದರೆ, ಮಗಳು ಕೂರಿಸಿದ ಜಾಗದಲ್ಲಿ ಇಲ್ಲ. ಗಾಬರಿಯಿಂದ ಓಡಿದೆ.

ಮಕ್ಕಳ ನಡುವೆ ಅವಳು ನಿಂತಿದ್ದಳು.

ಅಣ್ಣನ ದೊಡ್ಡ ಮಗಳು ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡಿದ್ದಳು. ನಾನು ಬೈಯುತ್ತೇನೆಂದು ಹೆದರಿ, "ಆಕೀನ ಕೇಳಿದ್ಳು ಅತ್ತಿ, ನನ್ನೂ ಗಿಡ ಮಾಡ್ರಿ ಅಂತ" ಎಂದಳು.

ಯಾವಾಗಲೂ ಕತ್ತರಿಯ ಹಾಗೆ ಹೆಣೆದುಕೊಳ್ಳುತ್ತಿದ್ದ ಕಾಲುಗಳನ್ನು ಮರಳು ಬಿಡಿಬಿಡಿಯಾಗಿ ಹಿಡಿದಿತ್ತು. ಯಾರ್ಯಾರದೋ ಕಾಲಿನ ಉದ್ದಕ್ಕೆ ಪ್ಯಾಂಟು ಹೊಲಿದವಳಿಗೆ ಸ್ವಂತ ಮಗಳ ಎತ್ತರ ಗೊತ್ತಿರಲಿಲ್ಲ. ಅವಳ ಲಂಗಕ್ಕೆ ಮಲಗಿಸಿಯೇ ಅಳತೆ ತೆಗೆಯುತ್ತಿದ್ದೆ. ಈಗ ಎದುರಿಗೆ ಕೂತರೆ ಅವಳ ಮುಖ ನನಗಿಂತ ಮೇಲಿತ್ತು. ಇಷ್ಟು ದೊಡ್ಡವಳಾಗಿದ್ದಾಳೆಯೇ ನನ್ನ ಮಗಳು ಎಂದು ನೋಡಿಯೇ ನೋಡಿದೆ.

ಅವಳು ಅತ್ತಿತ್ತ ವಾಲಿದಾಗ ಹಿಡಿಯಲು ಕೈ ಚಾಚಿದೆ.

"ಹಿಡೀಬ್ಯಾಡವ್ವ" ಎಂದಳು. ಹಿಂದಿದ್ದವಳಿಗೂ, "ನೀನೂ ಕೈ ಬಿಡು" ಎಂದಳು.

ಅಣ್ಣನ ಮಗಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಅವಳು ಕೈ ಬಿಟ್ಟಳು, ಮಕ್ಕಳು ಗಾಳಿ ಬಂತು ಎಂದು ಕೂಗಿದರು. ಮಗಳು ತೂಗಿದಳು, ಒಂದು ಕಡೆ ಪೂರಾ ವಾಲಿದಳು, ಎರಡೂ ಕೈ ಹರಡಿ ಮತ್ತೆ ನೆಟ್ಟಗಾದಳು. ಬೀಳಲಿಲ್ಲ. ಅರಿವಿಲ್ಲದೆ ಕೈ ಮುಗಿದುಕೊಂಡು ಕೂತಿದ್ದೆ.

ವಾಪಸು ಬಂದ ಮೇಲೆ ನಮ್ಮ ಯಜಮಾನರು ಮನೆಯ ಹಿಂದಿನ ಖಾಲಿ ಸೈಟಿಗೆ ಮರಳು ಹಾಕಿಸಿದರು. ಶಾಲೆಗೆ ಹೋಗಲಾಗದ ಇಂಥ ಮಕ್ಕಳಿಗೆಂದು ವಾರಕ್ಕೊಮ್ಮೆ ಮನೆಗೆ ಬಂದು ಪಾಠ ಹೇಳುತ್ತಿದ್ದ ಟೀಚರಮ್ಮನಿಗೆ, ಮಗಳನ್ನು ಅದರಲ್ಲಿ ನಿಲ್ಲಿಸಿ ಅಳುಕುತ್ತಲೇ ತೋರಿಸಿದೆ. ಅವರು ಮರಳೊಳಗೆ ಕೈ ಹಾಕಿ ಪಾದ ಮುಟ್ಟಿ ನೋಡಿ, ಹಿಮ್ಮಡಿ ನೆಲಕ್ಕೆ ಊರುವಂತೆ ನಿಲ್ಲಿಸುವುದನ್ನು ಕಲಿಸಿದರು. ದಣಿಯುವ ಮುಂಚೆಯೇ ಎತ್ತಿಬಿಡಿ ಎಂದರು. ಮುಂದಿನ ವಾರದಿಂದ ಪಾಠವೂ ಅಲ್ಲೇ. ಸುತ್ತಲೂ ಮರಳ ಮೇಲೆ ತೆಲುಗು, ಕನ್ನಡ ಅಕ್ಷರ ಬರೆಯುತ್ತಿದ್ದರು. ಅವರು ಹೇಳಿದ ಅಕ್ಷರಕ್ಕೆ ಮಗಳು ಕಲ್ಲು ಎಸೆಯಬೇಕು. ಓಣಿಯ ಮಕ್ಕಳೆಲ್ಲ ಬಂದು ಸೇರಿಕೊಂಡರು.

ಅವಳು ನಡೆಯಲಿಲ್ಲ. ಇಂದಿಗೂ ಗಾಲಿ ಕುರ್ಚಿಯಲ್ಲೇ ಓಡಾಡುತ್ತಾಳೆ. ಆದರೆ ಬೆನ್ನು ಗಟ್ಟಿಯಾಯಿತು. ಮರುವರ್ಷ ಶಾಲೆಗೆ ಸೇರಿಸಿದ ದಿನ, ಯಾವ ಪಟ್ಟಿಯೂ ಇಲ್ಲದೆ ಬೆಂಚಿನ ಮೇಲೆ ಕೂತಳು. ನಾನು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಅವಳು ಪಕ್ಕದ ಹುಡುಗಿಗೆ ಏನೋ ಹೇಳುವುದರಲ್ಲಿ ಮುಳುಗಿದ್ದಳು, ನನ್ನ ಕಡೆ ತಿರುಗಲೇ ಇಲ್ಲ.