ಅರ್ಧ ಬ್ಯಾರನೆಸ್ ಹೆಸ್ಟರ್ ಟಪ್ಲಿನ್

ಹೆಸ್ಟರ್ ಟಪ್ಲಿನ್ ನಮ್ಮ ಥ್ರಸ್ಬಿ ಊರಿನ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವಳು. ಮೊಣಕಾಲಿನವರೆಗೆ ಬರುವ ಹಳದಿ ಕೋಟು, ಕೈಯಲ್ಲಿ ತನಗಿಂತ ಒಂದು ಗೇಣು ಎತ್ತರದ ಕೋಲು, ಕೋಲಿನ ತುದಿಗೆ ‘ನಿಲ್ಲಿ’ ಎಂದು ಬರೆದ ದುಂಡು ಫಲಕ. ಅದನ್ನು ಅವಳು ರಸ್ತೆಗೆ ಒಮ್ಮೆ ಕುಟ್ಟಿದಳೆಂದರೆ ಬೀಟ್‌ಗೆಡ್ಡೆ ತುಂಬಿದ ಲಾರಿಯೂ ನಿಲ್ಲಬೇಕು, ಶವದ ಗಾಡಿಯೂ ನಿಲ್ಲಬೇಕು. ಒಂದು ಸಲ ಆಂಬುಲೆನ್ಸನ್ನೂ ನಿಲ್ಲಿಸಿ, ಒಳಗಿರುವುದು ಯಾರೆಂದು ವಿಚಾರಿಸಿಕೊಂಡು, ಅವನು ನಲವತ್ತು ವರ್ಷದಿಂದ ಸಾಯುತ್ತಲೇ ಇದ್ದಾನೆ, ಇನ್ನೆರಡು ನಿಮಿಷ ತಡೆಯುತ್ತಾನೆ ಎಂದು ಹೇಳಿ ಮಕ್ಕಳನ್ನು ದಾಟಿಸಿದ್ದಳು. ಅವನು ಈಗಲೂ ಇದ್ದಾನೆ.

ನಾನು ಅದೇ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಬೇಯಿಸುತ್ತಿರುವವಳು. ಬೆಳಗಿನ ಗಂಟೆ ಹೊಡೆದ ಮೇಲೆ ಹೆಸ್ಟರ್ ಕೋಲನ್ನು ನನ್ನ ಬಾಗಿಲಿಗೆ ಒರಗಿಸಿ ಒಂದು ಕಪ್ ಚಹಾ ಕುಡಿದು ಹೋಗುತ್ತಾಳೆ. ಹಾಗಾಗಿ ಲಂಡನ್ನಿನಿಂದ ಆಂಬ್ರೋಸ್ ಕಿಟ್ಸನ್ ಎಂಬ ಮನುಷ್ಯ ಚರ್ಮದ ಚೀಲ ಹಿಡಿದು ಅವಳನ್ನು ಹುಡುಕಿಕೊಂಡು ಬಂದಾಗ ಅವಳು ಸಿಕ್ಕಿದ್ದು ನನ್ನ ಅಡುಗೆಮನೆಯಲ್ಲೇ. ಅದು ಎರಡು ಸಾವಿರದ ಇಪ್ಪತ್ತೆರಡರ ಮಾರ್ಚ್ ತಿಂಗಳು. ಹೆಸ್ಟರ್‌ಗೆ ಆಗ ಅರವತ್ತಾರು.

ಕಿಟ್ಸನ್ ಮಾಡುತ್ತಿದ್ದ ಕೆಲಸ, ಮಲಗಿಬಿಟ್ಟ ಹಳೆಯ ಪದವಿಗಳನ್ನು ಹುಡುಕಿ ಎಬ್ಬಿಸುವುದು. ಅವನು ಆಲೂಗಡ್ಡೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಒಂದು ಉದ್ದನೆಯ ಕಾಗದ ಬಿಚ್ಚಿದ. ಮೇಜು ಸಾಲದೆ ಅದು ನೆಲಕ್ಕೂ ಇಳಿಯಿತು. ಮೇಲ್ತುದಿಯಲ್ಲಿ ರೋಜರ್ ಕೊರ್ವಿಲ್. ಸಾವಿರದ ಇನ್ನೂರ ತೊಂಬತ್ತೊಂಬತ್ತರಲ್ಲಿ ರಾಜನಿಂದ ಓಲೆ ಬಂದು ಪ್ರಭುಗಳ ಸಭೆಗೆ ಹೋಗಿ ಕೂತ, ಬ್ಯಾರನ್ ಆದ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಪದವಿ ಇಳಿಯುತ್ತಾ ಬಂದು ಸಾವಿರದ ನಾನೂರ ಇಪ್ಪತ್ತೊಂದರಲ್ಲಿ ತಡವರಿಸಿ ನಿಂತಿತು. ಆ ಕೊನೆಯ ಬ್ಯಾರನ್‌ಗೆ ಗಂಡು ಮಕ್ಕಳಿಲ್ಲ, ಮೂವರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳಲ್ಲಿ ಹಿರಿಯಳು ಕಿರಿಯಳು ಎಂಬುದಿಲ್ಲ, ಎಲ್ಲರಿಗೂ ಸಮಪಾಲು. ಹೊಲವನ್ನಾದರೆ ಮೂರು ಭಾಗ ಮಾಡಬಹುದು, ಪದವಿಯನ್ನು ಹೇಗೆ ಕೊಯ್ಯುವುದು? ಆದ್ದರಿಂದ ಮೂರರಲ್ಲಿ ಎರಡು ಕವಲು ಪೂರ್ತಿ ಒಣಗಿ ಒಬ್ಬರೇ ಉಳಿಯುವ ತನಕ ಪದವಿ ನಿದ್ದೆ ಮಾಡಬೇಕು. ಅದು ಐನೂರ ನಲವತ್ತೇಳು ವರ್ಷ ನಿದ್ದೆ ಮಾಡಿತು. ಒಂದು ಕವಲನ್ನು ಪ್ಲೇಗು ತಿಂದಿತು. ಇನ್ನೊಂದು ಕವಲಿನ ಕೊನೆಯ ಕುಡಿ ಗ್ರಿಮ್ಸ್‌ಬಿಯ ಬಂದರಿನಲ್ಲಿ ಮೀನು ಕೊಯ್ಯುತ್ತಿದ್ದ ಒಬ್ಬ ಮುದುಕಿ. ಅವಳು ಮಕ್ಕಳಿಲ್ಲದೆ ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ತೀರಿಕೊಂಡಳು. ಆ ಕ್ಷಣವೇ ಪದವಿ ಕಣ್ಣುಬಿಟ್ಟು, ಮೂರನೆಯ ಕವಲಿನಲ್ಲಿ ಉಳಿದಿದ್ದ ಒಬ್ಬನೇ ಒಬ್ಬನ ತಲೆಯ ಮೇಲೆ ಹೋಗಿ ಕೂತಿತು. ಅವನೇ ಎಬೆನ್ ಟಪ್ಲಿನ್, ಹೆಸ್ಟರಳ ಅಪ್ಪ.

ಎಬೆನ್ ಟಪ್ಲಿನ್‌ನನ್ನು ನಾನು ಕಂಡಿದ್ದೆ. ಹೊಲಗಳಲ್ಲಿ ನೆಲ ತೋಡುವ ಹೆಗ್ಗಣದಂಥ ಮೋಲ್‌ಗಳನ್ನು ಹಿಡಿಯುವುದು, ಕಾಲುವೆಯ ಹೂಳೆತ್ತುವುದು ಅವನ ಕಸುಬು. ಹಿಡಿದ ಮೋಲ್‌ಗಳನ್ನು ಸಾಲಾಗಿ ಬೇಲಿಗೆ ನೇತುಹಾಕುತ್ತಿದ್ದ. ಒಮ್ಮೆ ನಮ್ಮೂರಿನ, ‘ಸರ್’ ಪದವಿಯ ಜಮೀನ್ದಾರರೊಬ್ಬರ ಕಾಡಿನಲ್ಲಿ ಕೇಳದೆ ಬೋನು ಇಟ್ಟನೆಂದು ಅವರು ಇವನನ್ನು ಕರೆಸಿ ಬೈದಿದ್ದರು. ಇವನು ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ ಅರ್ಧ ಗಂಟೆ ಮಳೆಯಲ್ಲಿ ನಿಂತಿದ್ದ. ಕಿಟ್ಸನ್ ಲೆಕ್ಕಾಚಾರದಂತೆ ಟೋಪಿ ತೆಗೆಯಬೇಕಾಗಿದ್ದವರು ಆ ಸರ್. ಹನ್ನೊಂದು ವರ್ಷ ಎಬೆನ್ ಕೊರ್ವಿಲ್‌ನ ಬ್ಯಾರನ್ ಆಗಿದ್ದ, ಪ್ರಭುಗಳ ಸಭೆಯಲ್ಲಿ ಅವನಿಗೊಂದು ಜಾಗವಿತ್ತು, ಅವನಿಗೂ ಗೊತ್ತಿಲ್ಲ, ಸಭೆಗೂ ಗೊತ್ತಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಅವನು ಸತ್ತ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಪದವಿ ಮತ್ತೆ ಮಲಗಿತು.

ಎಲ್ಲ ಕೇಳಿ ಹೆಸ್ಟರ್ ಚಹಾದ ಕಪ್ಪು ಕೆಳಗಿಟ್ಟಳು.

“ಹಾಗಾದ್ರೆ ನಾನೀಗ ಏನು, ಬಾತುಕೋಳಿ?”

ನಮ್ಮ ಸೀಮೆಯಲ್ಲಿ ಪ್ರೀತಿಯಿಂದ ಯಾರನ್ನಾದರೂ ಹಾಗೇ ಕರೆಯುವುದು. ಕಿಟ್ಸನ್ ಮಾತ್ರ ಸುತ್ತಮುತ್ತ ಒಮ್ಮೆ ನೋಡಿಕೊಂಡ.

“ಅರ್ಧ ಬ್ಯಾರನೆಸ್ ಅನ್ನಬಹುದು ಮೇಡಂ. ಇನ್ನರ್ಧ ನಿಮ್ಮ ಅಕ್ಕ.”

ಹೆಸ್ಟರ್ ಎದ್ದು ಕೋಲು ತೆಗೆದುಕೊಂಡಳು. “ಅವಳ ವಿಷಯ ಆದ್ರೆ ನನ್ನ ಹತ್ರ ಮಾತಾಡ್ಬೇಡಿ,” ಎಂದು ಹೊರಟೇಹೋದಳು.

ಅಕ್ಕನ ಹೆಸರು ಸಿಬಿಲ್. ಇವಳಿಗಿಂತ ಎಂಟು ವರ್ಷ ದೊಡ್ಡವಳು. ಹಲ್ಲಿನ ಡಾಕ್ಟರೊಬ್ಬರ ವಿಧವೆ, ಮಕ್ಕಳಿಲ್ಲ. ಊರಿನ ಆ ತುದಿಯಲ್ಲಿ ಚರ್ಚ್ ಬೀದಿಯಲ್ಲಿ ಮನೆ. ಹೆಸ್ಟರ್ ಮದುವೆಯಾಗಲಿಲ್ಲ, ಈ ತುದಿಯಲ್ಲಿ ಅಪ್ಪನ ಹಳೆಯ ಮನೆಯಲ್ಲೇ ಇದ್ದಳು. ಇಬ್ಬರೂ ಮಾತು ಬಿಟ್ಟು ಆಗಲೇ ಹತ್ತೊಂಬತ್ತು ವರ್ಷ. ಕಾರಣ ಒಂದು ಬ್ರೆಡ್ಡು. ಒಣದ್ರಾಕ್ಷಿ ಹಾಕಿದ ಬ್ರೆಡ್ಡಿನ ಸ್ಪರ್ಧೆ ಪ್ರತಿವರ್ಷ ಊರಿನ ಸಭಾಭವನದಲ್ಲಿ ನಡೆಯುತ್ತದೆ. ಆ ವರ್ಷ ಹೆಸ್ಟರ್ ಬ್ರೆಡ್ಡು ಬೇಯಿಸಿ ತೆಗೆದಿಟ್ಟು ಜ್ವರ ಬಂದು ಮಲಗಿದಳು, ಅದನ್ನು ತಲುಪಿಸಲು ಅಕ್ಕನಿಗೆ ಹೇಳಿದಳು. ಅಕ್ಕ ತಲುಪಿಸಿದಳು, ಆದರೆ ಚೀಟಿಯ ಮೇಲೆ ಬರೆದದ್ದು ತನ್ನ ಹೆಸರು. ಮೊದಲ ಬಹುಮಾನ ಬಂತು. ಬ್ರೆಡ್ಡನ್ನು ಕೂಸಿನ ಹಾಗೆ ಎತ್ತಿಕೊಂಡ ಸಿಬಿಲ್‌ಳ ಫೋಟೋ ಪತ್ರಿಕೆಯಲ್ಲಿ ಬಂತು. ಹೆಸ್ಟರ್ ಹೋಗಿ ಕೇಳಿದ್ದಕ್ಕೆ, ನಿನಗೆ ಜ್ವರದಲ್ಲಿ ಭ್ರಮೆ ಎಂದಳು.

ಕಿಟ್ಸನ್ ಅಲ್ಲಿಂದ ಸಿಬಿಲ್ ಮನೆಗೆ ಹೋದ. ಅಲ್ಲಿ ಅವನಿಗೆ ಸಿಕ್ಕ ಸ್ವಾಗತವೇ ಬೇರೆ. ಸಿಬಿಲ್ ಕಾಗದದ ಸುರುಳಿಯನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದಳಂತೆ. ಆಮೇಲೆ, ಇದು ತನಗೆ ಚಿಕ್ಕಂದಿನಿಂದಲೂ ಒಳಗೊಳಗೇ ಗೊತ್ತಿತ್ತು ಎಂದಳಂತೆ. ವಾರದೊಳಗೆ ಅವಳ ಮನೆಯ ಬಾಗಿಲಿಗೆ ‘ಕೊರ್ವಿಲ್’ ಎಂದು ಹಿತ್ತಾಳೆಯ ಫಲಕ ಬಂತು. ಅವಳ ನಾಯಿಗೆ ಬಿಸ್ಕೆಟ್ ಎಂದು ಹೆಸರಿತ್ತು, ಅದು ರೋಜರ್ ಆಯಿತು. ಆ ಪ್ರಾಣಿ ಒಮ್ಮೆಯೂ ಹೊಸ ಹೆಸರಿಗೆ ತಿರುಗಿ ನೋಡಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನಲು ಬರುವುದಿಲ್ಲ, ಅವಳಿಗೆ ಹಿಟ್ಟಿತ್ತು. ಇಷ್ಟು ವರ್ಷ ಹೂವಿಗಾಗಿಯೇ ಕಾದಿದ್ದಳು ಅಷ್ಟೆ.

ಒಂದು ತೊಡಕಿತ್ತು. ಇಬ್ಬರಲ್ಲಿ ಒಬ್ಬಳು ಮಕ್ಕಳಿಲ್ಲದೆ ಸತ್ತರೆ ಪದವಿ ತಾನಾಗಿ ಇನ್ನೊಬ್ಬಳದು. ಇಬ್ಬರೂ ಬದುಕಿರುವಾಗಲೇ ಬೇಕೆಂದರೆ ಅರಮನೆಗೆ ಅರ್ಜಿ ಹಾಕಬೇಕು, ಅದಕ್ಕೆ ಇನ್ನೊಬ್ಬಳ ಒಪ್ಪಿಗೆಯ ಸಹಿ ಬೇಕು. ಸಿಬಿಲ್‌ಗೆ ಎಪ್ಪತ್ನಾಲ್ಕು, ಹೆಸ್ಟರ್ ದಿನಾ ನಾಲ್ಕು ಗಂಟೆ ಗಾಳಿ ಮಳೆಯಲ್ಲಿ ನಿಂತು ಗಟ್ಟಿಯಾಗಿದ್ದವಳು. ಕಾದು ಗೆಲ್ಲುವ ಆಸೆ ಸಿಬಿಲ್‌ಗೆ ಇರಲಿಲ್ಲ.

ಮಾತು ತರುವ, ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಸಹಿಗಾಗಿ ಕೇಳಿದರೆ ಹೆಸ್ಟರ್, “ಪದವಿ ಇಟ್ಕೊಳ್ಳಲಿ ಮೇವಿಸ್, ನನಗೇನು. ಆ ಬ್ರೆಡ್ಡು ಯಾರದ್ದು ಅಂತ ಬಾಯಿಬಿಟ್ಟು ಹೇಳಲಿ, ಅವತ್ತೇ ಸಹಿ,” ಎಂದಳು.

ನಾನು ಚರ್ಚ್ ಬೀದಿಗೆ ಹೋಗಿ ಹೇಳಿದೆ. ಸಿಬಿಲ್ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ಏಳುನೂರು ವರ್ಷದ ಮನೆತನ. ಅದರ ಬ್ಯಾರನೆಸ್ ಆಗೋಳು ಬ್ರೆಡ್ ಕದ್ದೆ ಅಂತ ಹೇಳ್ಬೇಕಾ?”

ಮನೆತನದ ಮೂಲಪುರುಷ ರೋಜರ್ ಒಂದು ಮಠದ ನೂರಾರು ಕುರಿಗಳನ್ನು ಕದ್ದವನೆಂದು ಕಿಟ್ಸನ್‌ನ ಸುರುಳಿಯಲ್ಲೇ ಬರೆದಿತ್ತು, ಅದನ್ನು ನೆನಪಿಸಿದೆ. ಅದು ಯುದ್ಧ, ಬೇರೆ ಮಾತು ಎಂದಳು.

ಬೇಸಗೆ ಪೂರ್ತಿ ಹೀಗೇ ಹೋಯಿತು. ಕಿಟ್ಸನ್ ತಲೆ ಓಡಿಸಿ ಒಂದು ಒಪ್ಪಂದಪತ್ರ ಬರೆದು ತಂದ. ‘ಮೇಲ್ಕಂಡ ಬ್ರೆಡ್ಡಿನ ಕರ್ತೃತ್ವದ ವಿಷಯದಲ್ಲಿ ಉಭಯ ಪಕ್ಷಗಳ ನಡುವೆ ಉಂಟಾಗಿರಬಹುದಾದ ತಪ್ಪು ಗ್ರಹಿಕೆ’ ಎಂದು ಅದರ ಮೂರನೆಯ ಕಲಮು. ಹೆಸ್ಟರ್ ಅದನ್ನು ನನ್ನ ಎದುರೇ ಎರಡು ಸಲ ಓದಿ, ಇದರಲ್ಲಿ ಕದ್ದವರು ಯಾರೂ ಇಲ್ಲ, ಬ್ರೆಡ್ಡೇ ನಡೆದುಕೊಂಡು ಹೋಗಿ ಬಹುಮಾನ ತಗೊಂಡ ಹಾಗಿದೆ ಎಂದು ವಾಪಸ್ ಕೊಟ್ಟಳು. ಊರು ಎರಡು ಪಕ್ಷವಾಯಿತು. ಸುದ್ದಿ ಬರುವ ಮುಂಚೆ ಅಕ್ಕತಂಗಿಯರ ಬ್ರೆಡ್ಡನ್ನು ಎಂದೂ ತಿನ್ನದವರು ಕೂಡ ಹೆಂಡದಂಗಡಿಯಲ್ಲಿ ಕೂತು ಅದರ ಹದ, ದ್ರಾಕ್ಷಿಯ ಪ್ರಮಾಣ ಚರ್ಚೆ ಮಾಡಿದರು.

ನವೆಂಬರಿನ ಒಂದು ಬೆಳಿಗ್ಗೆ, ಎಂಟೂವರೆಗೆ, ಹೆಸ್ಟರ್ ಕೋಲು ಕುಟ್ಟಿ ರಸ್ತೆ ನಿಲ್ಲಿಸಿದ್ದಳು. ಈ ಕಡೆ ಬೀಟ್‌ಗೆಡ್ಡೆಯ ಟ್ರ್ಯಾಕ್ಟರ್, ಆ ಕಡೆ ಲಿಂಕನ್ ಪಟ್ಟಣಕ್ಕೆ ಹೋಗುವ ಬಸ್ಸು. ನಾನು ಹಾಲಿನ ಡಬ್ಬಿ ಒಳಗೆ ತೆಗೆದುಕೊಳ್ಳಲು ಗೇಟಿಗೆ ಬಂದಿದ್ದೆ. ಮಕ್ಕಳ ಹಿಂದೆ ಸಿಬಿಲ್ ಬರುತ್ತಿದ್ದಳು, ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿಕೊಂಡು. ಮಕ್ಕಳು ದಾಟಿದರು. ಅವಳು ದಾಟಲಿಲ್ಲ, ರಸ್ತೆಯ ನಡುವೆ ತಂಗಿಯ ಎದುರಿಗೆ ನಿಂತಳು. ಏನೋ ಹೇಳಿದಳು.

“ಟ್ರ್ಯಾಕ್ಟರ್ ಸದ್ದಲ್ಲಿ ಕೇಳಿಸ್ಲಿಲ್ಲ,” ಎಂದಳು ಹೆಸ್ಟರ್.

ಟ್ರ್ಯಾಕ್ಟರಿನವನು ಇಂಜಿನ್ ಆರಿಸಿದ. ಅವನನ್ನು ನೋಡಿ ಬಸ್ಸಿನವನೂ ಆರಿಸಿದ. ಬಸ್ಸಿನಲ್ಲಿದ್ದವರು ಕಿಟಕಿ ಸರಿಸಿದರು.

“ಆ ಬ್ರೆಡ್ಡು ನಿಂದು,” ಎಂದಳು ಸಿಬಿಲ್. “ಚೀಟಿ ಮೇಲೆ ನನ್ನ ಹೆಸರು ಬರೆದಿದ್ದು ನಾನೇ.”

“ಯಾಕೆ ಬರೆದೆ?”

ಇದು ಒಪ್ಪಂದದಲ್ಲಿ ಇರಲಿಲ್ಲ. ಸಿಬಿಲ್ ಟೋಪಿ ಸರಿಮಾಡಿಕೊಂಡಳು, ಕೈಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು.

“ನಂಗೆ ಯಾವತ್ತೂ ಯಾವುದಕ್ಕೂ ಮೊದಲನೇದು ಬಂದಿರ್ಲಿಲ್ಲ ಹೆಸ್ಟರ್. ಹೂವಿಗೂ ಇಲ್ಲ, ಜಾಮಿಗೂ ಇಲ್ಲ. ಚೀಟಿ ಖಾಲಿ ಇತ್ತು. ಒಂದು ಸಲ ಬರಲಿ ಅನ್ನಿಸ್ತು.”

ಹತ್ತೊಂಬತ್ತು ವರ್ಷ ಹೆಸ್ಟರ್ ಬೈಗುಳ ಕೂಡಿಟ್ಟಿದ್ದಳು, ನನಗೆ ಗೊತ್ತು, ನನ್ನ ಅಡುಗೆಮನೆಯಲ್ಲೇ ಅವನ್ನು ಒಂದೊಂದಾಗಿ ಹರಿತ ಮಾಡಿದ್ದಳು. ಒಂದನ್ನೂ ಆಡಲಿಲ್ಲ. “ಕಾಗದ ತಂದಿದೀಯಾ?” ಎಂದಳು. ಸಿಬಿಲ್ ತಂದಿದ್ದಳು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕಾಗದ ಹರವಿ ಹೆಸ್ಟರ್ ಸಹಿ ಹಾಕಿದಳು. ಪೆನ್ನು ಬಸ್ಸಿನವನದು. ಸಾಕ್ಷಿಯ ಸಹಿ ಟ್ರ್ಯಾಕ್ಟರಿನವನದು, ಅವನ ಹೆಬ್ಬೆರಳಿನ ಮಣ್ಣೂ ಅದಕ್ಕೆ ಅಂಟಿತು. ಆಮೇಲೆ ಅವಳು ಅಕ್ಕನನ್ನು ತೋಳು ಹಿಡಿದು ಈಚೆಗೆ ದಾಟಿಸಿ ರಸ್ತೆ ಬಿಟ್ಟಳು.

ಅರ್ಜಿ ಲಂಡನ್ನಿಗೆ ಹೋಯಿತು. ಅಲ್ಲಿಂದ ಒಂದೊಂದೇ ಪ್ರಶ್ನೆ ಬರತೊಡಗಿತು. ಸಾವಿರದ ಆರುನೂರ ಹನ್ನೊಂದರಲ್ಲಿ ಒಬ್ಬಳಿಗೆ ದೀಕ್ಷಾಸ್ನಾನ ಆಗಿದ್ದು ನಿಜವೇ, ಇನ್ನೊಬ್ಬನ ಮೊದಲ ಹೆಂಡತಿ ಸತ್ತದ್ದು ಎರಡನೆಯ ಮದುವೆಗೆ ಮುಂಚೆಯೋ ಆಮೇಲೆಯೋ. ಮಳೆಯ ಅರ್ಜಿಯಾಗಿದ್ದರೆ ಊರು ಮೂರು ಸಲ ಒಣಗುತ್ತಿತ್ತು, ಅಷ್ಟು ನಿಧಾನ. ಎರಡು ವರ್ಷ ದಾಟಿತು. ಅಷ್ಟರಲ್ಲಿ ಗುರುವಾರ ಮಧ್ಯಾಹ್ನ ಹೆಸ್ಟರ್ ಚರ್ಚ್ ಬೀದಿಗೆ ಹೋಗುವುದು ರೂಢಿಯಾಯಿತು. ಅವರೇನು ಹಳೆಯದೆಲ್ಲ ಮರೆತು ಅಪ್ಪಿಕೊಂಡು ಅಳುತ್ತಿರಲಿಲ್ಲ. ಸಿಬಿಲ್ ಬ್ಯಾರನೆಸ್ ಆದ ಮೇಲೆ ಹಾಕುವ ಸಹಿಯನ್ನು ಅಭ್ಯಾಸ ಮಾಡುತ್ತಿದ್ದಳು, ಹೆಸ್ಟರ್ ಅದರಲ್ಲಿ ಬಾಲ ಜಾಸ್ತಿಯಾಯಿತೆಂದು ತಪ್ಪು ಹಿಡಿಯುತ್ತಿದ್ದಳು, ನಾಯಿಯನ್ನು ಬೇಕೆಂದೇ ಬಿಸ್ಕೆಟ್ ಎಂದು ಕರೆಯುತ್ತಿದ್ದಳು.

ಮೂರನೆಯ ವರ್ಷದ ಫೆಬ್ರವರಿಯಲ್ಲಿ ಸಿಬಿಲ್ ತೀರಿಕೊಂಡಳು. ಕೂದಲು ಅಲಂಕರಿಸುವವಳ ಅಂಗಡಿಯಲ್ಲಿ, ತಲೆ ಒಣಗಿಸುವ ಯಂತ್ರದ ಕೆಳಗೆ, ಕಾಲ ಮೇಲೆ ಕಾಲು ಹಾಕಿ ಕೂತ ಹಾಗೆಯೇ. ಯಂತ್ರದ ಗಂಟೆ ಬಾರಿಸಿದರೂ ಏಳಲಿಲ್ಲ ಎಂದು ಅಂಗಡಿಯ ಹುಡುಗಿ ಹೋಗಿ ಮುಟ್ಟಿ ನೋಡಿದಳು. ಕೂದಲು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಮರುದಿನ ನಾನು ಹೆಸ್ಟರಳ ಮನೆಯಲ್ಲಿದ್ದೆ. ಫೋನು ಬಂತು. ಕಿಟ್ಸನ್‌ನ ಧ್ವನಿ ನನಗೂ ಕೇಳುವಷ್ಟು ಗಟ್ಟಿ ಇತ್ತು. ಲೇಡಿ ಕೊರ್ವಿಲ್ ಅವರಿದ್ದಾರೆಯೇ ಎಂದು ಕೇಳಿದ.

“ಇಲ್ಲಪ್ಪ, ಅವಳು ನಿನ್ನೆ ಹೋಗ್ಬಿಟ್ಳು,” ಎಂದು ಹೇಳಿ ಹೆಸ್ಟರ್ ಫೋನಿಟ್ಟಳು.

ಅವನು ಮತ್ತೆ ಮಾಡಿದ. ಮೆತ್ತಗೆ ತಿಳಿಸಿ ಹೇಳಿದ. ಅರ್ಜಿ ಇನ್ನು ಬೇಡ, ಅಕ್ಕ ಕಣ್ಣುಮುಚ್ಚಿದ ಗಳಿಗೆಯಿಂದ ಪದವಿ ನಿಮ್ಮದೇ, ನೀವು ಬೇಡವೆಂದರೂ ಬಂದು ಕೂತಿದೆ ಎಂದ. ಹೆಸ್ಟರ್ ಫೋನಿಟ್ಟು ಒಲೆಯ ಮುಂದೆ ಕೂತಳು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಕ್ಕ ಸಹಿ ಅಭ್ಯಾಸ ಮಾಡಿದ್ದು ಯಾತಕ್ಕೆ ಎಂದು ಒಂದೇ ಸಲ ಕೇಳಿದಳು.

ಗೋರಿಕಲ್ಲಿನ ವಿಷಯಕ್ಕೆ ಜಗಳವಾಯಿತು. ಹೆಸ್ಟರ್ ಕಲ್ಲುಕುಟಿಗನಿಗೆ ಬರೆದುಕೊಟ್ಟದ್ದು ‘ಸಿಬಿಲ್, ಕೊರ್ವಿಲ್ ಬ್ಯಾರನೆಸ್’ ಎಂದು. ಅವನು ಪಾದ್ರಿಯಮ್ಮನನ್ನು ಕೇಳಿದ, ಪಾದ್ರಿಯಮ್ಮ ಕಿಟ್ಸನ್‌ನನ್ನು ಕೇಳಿದರು, ಕಿಟ್ಸನ್ ಹೌಹಾರಿ ರೈಲು ಹತ್ತಿ ಬಂದ. ಸ್ಮಶಾನದ ಗೇಟಿನಲ್ಲಿ ನಾವು ಐವರೂ ನಿಂತೆವು. ಸಿಬಿಲ್ ಒಂದು ದಿನವೂ ಬ್ಯಾರನೆಸ್ ಆಗಿರಲಿಲ್ಲ, ಕಲ್ಲಿನ ಮೇಲೆ ಸುಳ್ಳು ಕೆತ್ತಿದರೆ ಮುಂದಿನ ವಂಶಾವಳಿಗಾರರೆಲ್ಲ ದಾರಿ ತಪ್ಪುತ್ತಾರೆ ಎಂದು ಅವನು ವಿವರಿಸಿದ.

“ಈಗ ಬ್ಯಾರನೆಸ್ ಯಾರು?” ಎಂದಳು ಹೆಸ್ಟರ್.

“ನೀವೇ, ಲೇಡಿ ಕೊರ್ವಿಲ್.”

“ಖಾತ್ರಿನಾ?”

“ಏಳುನೂರು ವರ್ಷದ ದಾಖಲೆ ಇದೆ.”

“ಹಾಗಾದ್ರೆ ನಾನು ಹೇಳ್ತಿದೀನಿ, ಕೆತ್ತಪ್ಪ,” ಎಂದಳು ಅವಳು ಕಲ್ಲುಕುಟಿಗನಿಗೆ.

ಅವನು ಪಾದ್ರಿಯಮ್ಮನ ಮುಖ ನೋಡಿದ. ಪಾದ್ರಿಯಮ್ಮ ಆಕಾಶ ನೋಡಿದರು. ಅವನು ಕೆತ್ತಿದ. ಹೆಸ್ಟರ್ ಆ ಪದವಿಯನ್ನು ಬಳಸಿದ್ದು ಅದೊಂದೇ ಸಲ. ದಾಖಲೆಗೆ ಹೆಸರು ಸೇರಿಸಲು ಕಿಟ್ಸನ್ ಕಳಿಸಿದ ಅರ್ಜಿಯನ್ನು ಅವಳು ತುಂಬಲೇ ಇಲ್ಲ.

ಅವಳ ನಂತರ ಯಾರೂ ಇಲ್ಲ, ಎಲ್ಲ ಕವಲೂ ಮುಗಿದಿವೆ. ಕಿಟ್ಸನ್ ಇದನ್ನು ನೆನೆದು ಕಣ್ಣೀರು ತಂದುಕೊಂಡ. ನಾನೂ ಒಂದು ದಿನ ಕೇಳಿದೆ, ಅಷ್ಟು ಹಳೆಯದು ನಿನ್ನ ಜೊತೆಗೇ ಮುಗಿದುಹೋಗುತ್ತಲ್ಲ, ಬೇಜಾರಾಗಲ್ಲವಾ ಎಂದು.

“ಏಳುನೂರು ವರ್ಷ ಆಯ್ತಲ್ಲ ಮೇವಿಸ್, ಅದಕ್ಕೂ ಸಾಕಾಗಿರುತ್ತೆ,” ಎಂದಳು. ಸಿಬಿಲ್‌ಳ ನಾಯಿ ಈಗ ಅವಳ ಮನೆಯಲ್ಲಿದೆ. ಬೆಳಿಗ್ಗೆ ಅದನ್ನೂ ಶಾಲೆಯ ಹತ್ತಿರ ಕರೆತಂದು ಗೇಟಿಗೆ ಕಟ್ಟುತ್ತಾಳೆ. ಕಳೆದ ವಾರ ಅದು ನನ್ನ ಹಾಲಿನ ಡಬ್ಬಿ ಉರುಳಿಸಿತು.